ಅಂಗಡಿಯಲ್ಲಿ ಉಳಿದ ಪಾರ್ಸೆಲು

ಓದುಗರ ಪತ್ರ:

“ಸಂಪಾದಕರಿಗೆ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನವ, ನಿವೃತ್ತ ಅಧ್ಯಾಪಕ. ನಮ್ಮದು ರಸ್ತೆಯಿಂದ ಕೆಳಗೆ, ತೋಡು ದಾಟಿ ಹೋಗಬೇಕಾದ ಒಂಟಿ ಮನೆ. ಬೆಂಗಳೂರಿನಲ್ಲಿರುವ ಮಗ ನಮ್ಮಿಬ್ಬರ ಮಾತ್ರೆಗಳನ್ನು ಆನ್‌ಲೈನಿನಲ್ಲಿ ತರಿಸುತ್ತಾನೆ. ಪಾರ್ಸೆಲಿನ ಹುಡುಗ ಫೋನು ಮಾಡಿ, ‘ಮಾಷೇ, ಪೆರ್ಲದ ಅಂಗಡಿಯಲ್ಲಿ ಇಟ್ಟಿದ್ದೇನೆ’ ಎಂದು ಹೇಳಿ ಹೋಗುತ್ತಾನೆ. ಮಳೆಗಾಲದಲ್ಲಿ ಅದನ್ನು ತರುವುದೇ ಒಂದು ದಿನದ ಕೆಲಸ. ಗುರುಗ್ರಾಮದಲ್ಲಿ ಡ್ರೋನಿನಲ್ಲಿ ಸಾಮಾನು ತಲುಪಿಸುತ್ತಾರಂತೆ, ಮಗ ವೀಡಿಯೊ ಕಳಿಸಿದ್ದಾನೆ. ನಮ್ಮಲ್ಲಿಗೆ ಯಾವಾಗ ಬಂದೀತು? ಬಂದರೆ ಆ ಹುಡುಗನ ಕೆಲಸ ಏನಾದೀತು? ಮನೆಯವಳಿಗೆ ಈ ವಿಚಾರ ಹಿಡಿಸಿಲ್ಲ. ‘ಆಕಾಶದಿಂದ ಬಂದದ್ದು ನಮಗೆ ಒಮ್ಮೆ ಸಾಕಾಗಿದೆ’ ಎನ್ನುತ್ತಾಳೆ. ದಯವಿಟ್ಟು ಹೆಸರು ಹಾಕಬೇಡಿ.”

ಸಂಪಾದಕರ ಉತ್ತರ:

ಮಾಸ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ತಡವಾದದ್ದು ನಿಮ್ಮ ಮನೆಯವರ ಆ ಒಂದು ಸಾಲಿನಿಂದ. ಅದನ್ನು ಓದಿದ ಮೇಲೆ, ಬರುತ್ತದೆ ಇಲ್ಲವೇ ಬರುವುದಿಲ್ಲ ಎಂದು ನಾಲ್ಕು ಸಾಲು ಗೀಚಿ ಕೈ ತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ಅವರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿದ್ದು.

‘ಯಾವಾಗ’ ಎಂಬ ಪ್ರಶ್ನೆಗೆ ಉತ್ತರ ಹೇಳಿ ಸೋತವರು ದೊಡ್ಡ ದೊಡ್ಡವರು. 2013ರ ಡಿಸೆಂಬರಿನಲ್ಲಿ ಅಮೆಜಾನ್ ಕಂಪನಿಯ ಜೆಫ್ ಬೆಜೋಸ್ ಟಿ.ವಿ.ಯಲ್ಲಿ ಕೂತು, ಅರ್ಧ ಗಂಟೆಯೊಳಗೆ ಡ್ರೋನಿನಲ್ಲಿ ಮನೆಗೆ ಸಾಮಾನು ತಲುಪಿಸುತ್ತೇವೆ, ನಾಲ್ಕೈದು ವರ್ಷದಲ್ಲಿ ಆದೀತು ಎಂದಿದ್ದರು. ತಮ್ಮಲ್ಲಿ ಮಾರಾಟವಾಗುವ ಸಾಮಾನಿನಲ್ಲಿ ನೂರಕ್ಕೆ 86 ಪಾಲು ಐದು ಪೌಂಡಿನೊಳಗಿನದ್ದು, ಅಂದರೆ ಎರಡೂಕಾಲು ಕಿಲೋ ಆಸುಪಾಸಿನದ್ದು, ಅದನ್ನೆಲ್ಲ ಹಾರಿಸಬಹುದು ಎಂಬ ಲೆಕ್ಕವನ್ನೂ ಕೊಟ್ಟರು. 2016ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೊಟ್ಟಣ ತಲುಪಿತು. ಗ್ರಾಹಕರಿಗೆಂದು ಅಮೆರಿಕದ ಎರಡು ಊರುಗಳಲ್ಲಿ ಶುರುವಾದದ್ದು 2022ರ ಕೊನೆಗೆ. ಅವುಗಳಲ್ಲಿ ಕ್ಯಾಲಿಫೋರ್ನಿಯದ ಲಾಕ್‌ಫರ್ಡಿನದ್ದನ್ನು 2024ರಲ್ಲಿ ಮುಚ್ಚಿದರು. ಅವರಲ್ಲಿ ದುಡ್ಡಿಗೂ ಎಂಜಿನಿಯರುಗಳಿಗೂ ಬರಗಾಲವಿರಲಿಲ್ಲ. ಆದ್ದರಿಂದ ನಾನು ಇಸವಿ ಹೇಳಿ ಸಿಕ್ಕಿಬೀಳುವುದಿಲ್ಲ.

ತೊಡಕು ಎಲ್ಲಿದೆ ಎಂದರೆ, ಮೊದಲನೆಯದು ಬ್ಯಾಟರಿ. ಒಂದು ಕಿಲೋ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿರುವುದಕ್ಕಿಂತ ನಲ್ವತ್ತು ಪಾಲಿಗೂ ಹೆಚ್ಚು. ಅದೂ ಸಾಲದೆಂಬಂತೆ, ಪಾರ್ಸೆಲಿನ ಹುಡುಗ ಸ್ಕೂಟರು ನಿಲ್ಲಿಸಿ ಚಹಾ ಕುಡಿದರೆ ಎಣ್ಣೆ ಖರ್ಚಾಗುವುದಿಲ್ಲ, ಡ್ರೋನಿಗೆ ಸುಮ್ಮನೆ ಇದ್ದಲ್ಲೇ ಇರಲಿಕ್ಕೂ ಚಾರ್ಜು ಬೇಕು. ಕಾಲಿಗೆ ಹಾಕುವ ತಳೆ ಇಲ್ಲದೆ ಅಡಿಕೆ ಮರದ ಅರ್ಧದಲ್ಲಿ ನಿಂತವನ ಅವಸ್ಥೆ ಅದರದ್ದು. ಹೊರೆ ಹೆಚ್ಚಿಸಿದರೆ ದೂರ ಕಡಿಮೆ, ದೂರ ಹೆಚ್ಚಿಸಲು ಬ್ಯಾಟರಿ ಹೆಚ್ಚಿಸಿದರೆ ಬ್ಯಾಟರಿಯೇ ಹೊರೆ. ಆ ಹುಡುಗ ಬೆಳಿಗ್ಗೆ ಚೀಲದಲ್ಲಿ ಮೂವತ್ತು ನಲ್ವತ್ತು ಪೊಟ್ಟಣ ತುಂಬಿಕೊಂಡು ಹೊರಡುತ್ತಾನೆ, ಒಂದೇ ಸುತ್ತಿನಲ್ಲಿ ಹಂಚಿ ಬರುತ್ತಾನೆ. ಡ್ರೋನು ಒಂದನ್ನು ಕೊಟ್ಟು ಖಾಲಿಯಾಗಿ ವಾಪಸು ಹೋಗಬೇಕು, ಇನ್ನೊಂದನ್ನು ತರಬೇಕು. ಮನೆಗಳು ಒತ್ತೊತ್ತಾಗಿರುವ, ಹತ್ತು ನಿಮಿಷದಲ್ಲಿ ಐಸ್‌ಕ್ರೀಮು ಬೇಕೆಂದು ದುಡ್ಡು ಕೊಡುವವರಿರುವ ನಗರದಲ್ಲಿ ಈ ಲೆಕ್ಕ ಹೇಗೋ ಸರಿಹೋದೀತು. ಗುರುಗ್ರಾಮದ ವೀಡಿಯೊದ ಗುಟ್ಟು ಅದು. ಅದನ್ನು ಪೆರ್ಲಕ್ಕೆ ತಂದು ಕೂರಿಸಲು ಆಗುವುದಿಲ್ಲ.

ಎರಡನೆಯದು ಇಳಿಯುವ ಜಾಗ. ನಿಮ್ಮ ಮನೆಯನ್ನು ನಾನು ನೋಡಿಲ್ಲ, ಆದರೆ ಆ ಕಡೆಯ ಮನೆಗಳನ್ನು ಬಲ್ಲೆ. ಮೇಲಿನಿಂದ ನೋಡುವವನಿಗೆ ಕಾಣುವುದು ತೆಂಗಿನ ಮಡಲು, ಅದರ ಕೆಳಗೆ ಅಡಿಕೆಯ ಸೋಗೆ, ನಡುವೆ ಎಲ್ಲೋ ಹಂಚಿನ ಮಾಡಿನ ಒಂದು ತುಂಡು. ತೆರೆದ ಜಾಗ ಅಂಗಳ ಒಂದೇ. ಡಿಸೆಂಬರಿನಿಂದ ಅಲ್ಲಿ ಅಡಿಕೆ ಒಣಗುತ್ತಿರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಮನೆಯವರೇ ಜಾರುತ್ತಾರೆ. ಅಂಗಳದ ಮೇಲೆ ಕರೆಂಟಿನ ತಂತಿ, ಕೇಬಲ್ಲಿನ ತಂತಿ, ಬಟ್ಟೆ ಒಣಗಿಸುವ ಹಗ್ಗ. ಗೂಗಲ್ಲಿನ ಬಳಗದ ವಿಂಗ್ ಎಂಬ ಕಂಪನಿಯ ಡ್ರೋನು ನೆಲಕ್ಕೆ ಇಳಿಯುವುದೇ ಇಲ್ಲ. ಏಳು ಮೀಟರ್ ಎತ್ತರದಲ್ಲಿ ನಿಂತು ಬಾವಿಗೆ ಕೊಡಪಾನ ಇಳಿಸಿದ ಹಾಗೆ ಹಗ್ಗದಲ್ಲಿ ಪೊಟ್ಟಣ ಇಳಿಸುತ್ತದೆ. ಉಪಾಯ ಚೆನ್ನಾಗಿದೆ. ಆದರೂ 2022ರಲ್ಲಿ ಆಸ್ಟ್ರೇಲಿಯದಲ್ಲಿ ಅವರದೇ ಒಂದು ಡ್ರೋನು ವಿದ್ಯುತ್ ತಂತಿಯ ಮೇಲೆ ಕೂತು ಸುಮಾರು ಎರಡು ಸಾವಿರ ಮನೆಗಳಲ್ಲಿ ಕರೆಂಟು ಹೋಯಿತು. ಅದರ ಹಿಂದಿನ ವರ್ಷ ಕ್ಯಾನ್‌ಬೆರಾದ ಒಂದು ಬಡಾವಣೆಯಲ್ಲಿ ಗೂಡು ಕಟ್ಟಿದ್ದ ಕಾಗೆಗಳು ಡ್ರೋನಿನ ಮೇಲೆ ಎರಗಿದ್ದರಿಂದ ಕೆಲವು ಕಾಲ ಸೇವೆಯನ್ನೇ ನಿಲ್ಲಿಸಬೇಕಾಯಿತು. ನಮ್ಮ ಕಾಗೆಗಳು ಅವುಗಳಿಗಿಂತ ಸಾಧು ಎಂದು ನಂಬಲು ನನ್ನ ಬಳಿ ಆಧಾರವಿಲ್ಲ.

ಮಳೆಯ ಬಗ್ಗೆ ನಿಮಗೆ ಹೇಳುವುದೇನು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಜಿಲ್ಲೆ ನಮ್ಮದು, ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ನಿಮಗೆ ಡ್ರೋನು ಬೇಕಾಗುವುದು ತೋಡು ತುಂಬಿದ ದಿನ. ಅದು ಹಾರಲು ಹಿಂಜರಿಯುವುದೂ ಅದೇ ದಿನ.

ಇಷ್ಟು ಹೇಳಿ ನಿಮ್ಮ ಆಸೆಗೆ ತಣ್ಣೀರು ಎರಚಿ ಎದ್ದು ಹೋಗುವವನಲ್ಲ ನಾನು. ಅಂಗಳಕ್ಕೆ ಬಾರದ ಡ್ರೋನು ಬೇರೆ ಕಡೆ ಕೆಲಸಕ್ಕೆ ಬಂದಿದೆ, ಅದೂ ನಮ್ಮ ಮಗ್ಗುಲಲ್ಲೇ. 2024ರಲ್ಲಿ ಕಾರ್ಕಳದ ಆಸ್ಪತ್ರೆಯಿಂದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿಗೆ, ಶಸ್ತ್ರಚಿಕಿತ್ಸೆ ನಡೆಯುತ್ತಿರುವಾಗಲೇ ರೋಗಿಯ ದೇಹದಿಂದ ತೆಗೆದ ಚೂರನ್ನು ಡ್ರೋನಿನಲ್ಲಿ ಕಳಿಸಿ ಪರೀಕ್ಷಿಸುವ ಪ್ರಯೋಗವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ನಡೆಸಿತು. ಸುಮಾರು 37 ಕಿಲೋಮೀಟರ್. ರಸ್ತೆಯಲ್ಲಿ ಒಂದು ಗಂಟೆ ಹಿಡಿಯುವ ದಾರಿಯನ್ನು ಅದು ಅರ್ಧ ಗಂಟೆಗೂ ಕಡಿಮೆ ಹೊತ್ತಿನಲ್ಲಿ ಮುಗಿಸಿತು. ಗಡ್ಡೆ ಕ್ಯಾನ್ಸರಿನದೋ ಅಲ್ಲವೋ, ಇನ್ನೂ ಕೊಯ್ಯಬೇಕೋ ಬೇಡವೋ ಎಂದು ಮಣಿಪಾಲದ ತಜ್ಞರು ಹೇಳುವವರೆಗೆ ಕಾರ್ಕಳದ ಮೇಜಿನ ಮೇಲೆ ರೋಗಿ ಮಲಗಿರುತ್ತಾನೆ ಎಂದು ನೆನೆದರೆ ಆ ಅರ್ಧ ಗಂಟೆಯ ಬೆಲೆ ತಿಳಿಯುತ್ತದೆ. 2021ರಲ್ಲಿ ಮಣಿಪುರದ ಬಿಷ್ಣುಪುರದಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಕೊರೊನಾ ಲಸಿಕೆ ಹಾರಿತು. ರಸ್ತೆಯಲ್ಲಿ 26 ಕಿಲೋಮೀಟರ್, ನೇರ ಹಾರಿದರೆ 15. ಅದೇ ವರ್ಷ ತೆಲಂಗಾಣದ ವಿಕಾರಾಬಾದಿನಲ್ಲಿ ಔಷಧ ಸಾಗಿಸಿ ನೋಡಿದರು. 2022ರ ಮೇ ತಿಂಗಳಲ್ಲಿ ಅಂಚೆ ಇಲಾಖೆಯೇ ಗುಜರಾತಿನ ಕಛ್‌ನಲ್ಲಿ ಒಂದು ಹಳ್ಳಿಯಿಂದ ಇನ್ನೊಂದಕ್ಕೆ 46 ಕಿಲೋಮೀಟರ್ ದೂರ, 25 ನಿಮಿಷದಲ್ಲಿ, ಔಷಧದ ಪಾರ್ಸೆಲು ಕಳಿಸಿತು.

ಅಂಚೆಗೆ ಇದು ಹೊಸ ಹುಚ್ಚೂ ಅಲ್ಲ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಹಾರಿದ್ದು ನಮ್ಮ ದೇಶದಲ್ಲೇ, 1911ರ ಫೆಬ್ರುವರಿ 18ರಂದು, ಅಲಹಾಬಾದಿನಿಂದ ಯಮುನೆಯ ಆಚೆ ನೈನಿಗೆ. ಓಡಿಸಿದವನು ಆನ್ರಿ ಪೆಕೆ ಎಂಬ ಫ್ರೆಂಚ್ ಹುಡುಗ. ಚೀಲದಲ್ಲಿ ಆರೂವರೆ ಸಾವಿರ ಕಾಗದಗಳು. 1935ರಲ್ಲಿ ಸ್ಟೀಫನ್ ಸ್ಮಿತ್ ಎಂಬವರು ದಾಮೋದರ ನದಿಯ ಮೇಲಿಂದ ರಾಕೆಟ್ಟಿನಲ್ಲಿ ಒಂದು ಹುಂಜ, ಒಂದು ಹೇಂಟೆಯನ್ನು ಹಾರಿಸಿದ್ದರು. ಎರಡೂ ಜೀವಂತವಾಗಿ ಇಳಿದವು. (ಕೋಳಿಯನ್ನು ಹೊಳೆ ದಾಟಿಸಲು ರಾಕೆಟ್ಟೇ ಬೇಕೆ ಎಂದು ನಮ್ಮ ಕಡೆಯವರು ಯಾರಾದರೂ ಅಲ್ಲಿದ್ದರೆ ಕೇಳುತ್ತಿದ್ದರು.) ಯಮುನೆಯನ್ನು ಹಾರಿ ದಾಟಿದ ಆ ಕಾಗದಗಳನ್ನು ಮುಂದೆ ಮನೆ ಮನೆಗೆ ಕೊಟ್ಟವರು ಮಾತ್ರ ನಡೆದು ಹೋದ ಪೋಸ್ಟ್‌ಮ್ಯಾನ್‌ಗಳೇ.

ಆಫ್ರಿಕದ ರುವಾಂಡ ದೇಶದ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗುಡ್ಡ ಮತ್ತು ಮಳೆಯ ದೇಶ, ನಮ್ಮ ಪೂರ್ವದ ಗ್ರಾಮಗಳ ಹಾಗೆ. ಅಲ್ಲಿ 2016ರಿಂದ ಜಿಪ್‌ಲೈನ್ ಎಂಬ ಕಂಪನಿ ಆಸ್ಪತ್ರೆಗಳಿಗೆ ರಕ್ತ ಹಾರಿಸುತ್ತಿದೆ. ಅವರದ್ದು ನಾಲ್ಕು ಫ್ಯಾನಿನ ಡ್ರೋನಲ್ಲ, ರೆಕ್ಕೆ ಇರುವ ಪುಟ್ಟ ವಿಮಾನ. ಕವಣೆಯಿಂದ ಕಲ್ಲು ಬೀಸಿದ ಹಾಗೆ ಅದನ್ನು ಚಿಮ್ಮಿಸುತ್ತಾರೆ. ರೆಕ್ಕೆಯೇ ಹೊರೆ ಹೊರುವುದರಿಂದ ಹೆಚ್ಚು ದೂರ ಹೋಗುತ್ತದೆ. ಆಸ್ಪತ್ರೆಯ ಮೇಲೆ ಬಂದು ಪೊಟ್ಟಣವನ್ನು ಪುಟ್ಟ ಪ್ಯಾರಾಶೂಟಿನಲ್ಲಿ ಬಿಟ್ಟು, ಇಳಿಯದೆ ತಿರುಗಿ ಹೋಗುತ್ತದೆ. ಲಾಭ ಬರೇ ವೇಗದ್ದೆಂದು ನಾನು ಮೊದಲು ತಿಳಿದಿದ್ದೆ. ದೊಡ್ಡ ಲಾಭ ದಾಸ್ತಾನಿನದ್ದು. ರಕ್ತದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಪ್ರತಿ ಸಣ್ಣ ಆಸ್ಪತ್ರೆಯೂ ಇರಲಿ ಎಂದು ತೆಗೆದಿಟ್ಟರೆ ಅರ್ಧ ಹಾಳಾಗುತ್ತದೆ, ಇಡದಿದ್ದರೆ ಬೇಕಾದಾಗ ಸಿಗುವುದಿಲ್ಲ. ಎಲ್ಲವನ್ನೂ ಒಂದೇ ಕಡೆ ಇಟ್ಟು ಕೇಳಿದಾಗ ಹಾರಿಸಿದ ಮೇಲೆ, ಅವಧಿ ಮೀರಿ ಎಸೆಯುವ ರಕ್ತದ ಪ್ರಮಾಣ ಅಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇಳಿಯಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು.

ಇದನ್ನು ನಮ್ಮೂರಿಗೆ ಹೊಂದಿಸಿ ನೋಡಿ. ತೋಟಕ್ಕೆ ಹುಲ್ಲು ಹೆರೆಯಲು ಹೋದವರಿಗೆ ಕೊಳಕುಮಂಡಲ ಕಚ್ಚಿತು ಎನ್ನೋಣ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಒಂದೆರಡು ಬಾಟಲಿಗೆ ಮುಗಿಯುವುದಿಲ್ಲ, ಮೊದಲ ಸುತ್ತಿಗೇ ಎಂಟು ಹತ್ತು ಬೇಕಾಗುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ನಾಲ್ಕಿದ್ದರೆ ಉಳಿದದ್ದು ಕಾಸರಗೋಡಿನಿಂದ ಹಾರಿ ಬಂದರೆ ಜೀವ ಉಳಿದೀತು. ಆದರೆ ಅದನ್ನು ಕೊಡಲು, ಕೊಟ್ಟ ಮೇಲೆ ಮೈ ಬಾತರೆ, ಉಸಿರು ಕಟ್ಟಿದರೆ ನೋಡಿಕೊಳ್ಳಲು ಡಾಕ್ಟರು ಅಲ್ಲಿರಬೇಕು. ಡಾಕ್ಟರನ್ನು ತರುವ ಡ್ರೋನು ಇಲ್ಲ. ಡೆಂಗ್ಯೂ ಜ್ವರಕ್ಕೆ ಪ್ಲೇಟ್‌ಲೆಟ್ ಬೇಕೆಂದು ಮಂಗಳೂರಿಗೆ ಓಡುವವರನ್ನು ನಾವು ಪ್ರತಿ ವರ್ಷ ನೋಡುತ್ತೇವೆ, ಅದೂ ಹಾರಿಸಬಹುದಾದ ಸಾಮಾನೇ. ಜ್ವರದ ಕಾಲವೇ ಮಳೆಯ ಕಾಲ ಎಂಬುದು ಬೇರೆ ಸಂಕಟ. ಹಾಗಾಗಿ ಯಾರಾದರೂ ನಮ್ಮ ಜಿಲ್ಲೆಗೆ ಡ್ರೋನು ತರುತ್ತೇನೆಂದು ಹೊರಟರೆ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಯಂತ್ರ ಜುಲೈ ತಿಂಗಳಲ್ಲಿ ಎಷ್ಟು ದಿನ ಹಾರಿತು? ಜನವರಿಯ ಬಿಸಿಲಿನಲ್ಲಿ ಮಂತ್ರಿಗಳ ಎದುರು ಹಾರಿಸಿ ತೋರಿಸಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಮಂಗಳೂರು ಎಂದಾಗ ಗಡಿಯ ತಲಪಾಡಿ ನೆನಪಾಗದೆ ಇರುವುದಿಲ್ಲ. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ಸುರಿದರು. ಆಂಬುಲೆನ್ಸುಗಳು ತಿರುಗಿ ಬಂದವು. ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಅಷ್ಟರೊಳಗೆ ಹೋದ ಜೀವಗಳು ಹೋದವು. ಆಗ ಡ್ರೋನು ಇದ್ದಿದ್ದರೆ ಎಂದು ನನ್ನ ಗೆಳೆಯರೊಬ್ಬರು ಈಗಲೂ ಕೇಳುತ್ತಾರೆ. ಕಾನೂನಿನ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿದೆ: 2021ರ ಡ್ರೋನ್ ನಿಯಮಗಳು ಕೇಂದ್ರದವು. ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಿದ ನಕ್ಷೆಯಲ್ಲಿ ಕೇರಳಕ್ಕೂ ಕರ್ನಾಟಕಕ್ಕೂ ನಡುವೆ ಗೇಟಿಲ್ಲ. ಆದರೆ ಅದೇ ನಿಯಮದಲ್ಲಿ ಪೊಲೀಸ್ ಸೂಪರಿಂಟೆಂಡೆಂಟರ ದರ್ಜೆಯ ಅಧಿಕಾರಿಯೊಬ್ಬರು ಒಂದು ಜಾಗದ ಆಕಾಶವನ್ನು ತಾತ್ಕಾಲಿಕವಾಗಿ, ಒಮ್ಮೆಗೆ 96 ಗಂಟೆಯವರೆಗೆ, ಕೆಂಪು, ಅಂದರೆ ಅನುಮತಿಯಿಲ್ಲದೆ ಹಾರಬಾರದ್ದು, ಎಂದು ಘೋಷಿಸಬಹುದು. ರಸ್ತೆ ಮುಚ್ಚಲು ಟಿಪ್ಪರಿನಲ್ಲಿ ಮಣ್ಣು ತರಬೇಕಾಗಿತ್ತು. ಇದಕ್ಕೆ ಅದರ ಖರ್ಚೂ ಇಲ್ಲ. ಮತ್ತೆ, ಆವತ್ತು ಗಡಿ ದಾಟಬೇಕಾಗಿದ್ದವರು ರೋಗಿಗಳು. ಪೊಟ್ಟಣಗಳಲ್ಲ.

ಹುಡುಗನ ಕೆಲಸದ ಬಗ್ಗೆ ಕೇಳಿದ್ದೀರಿ. ಪಾರ್ಸೆಲು ಅಂಗಡಿಯಲ್ಲಿ ಬಿಟ್ಟು ಹೋದವನ ಹೊಟ್ಟೆಪಾಡಿನ ಚಿಂತೆ ನಿಮಗೆ ಬಂತಲ್ಲ, ಮಾಸ್ಟ್ರು ಮಾಸ್ಟ್ರೇ. ಡ್ರೋನಿನಿಂದ ಅವನ ಕೆಲಸಕ್ಕೆ ಸದ್ಯಕ್ಕೇನೂ ಆಗದು. ಕಾರ್ಬನ್ ಫೈಬರ್ ದೋಟಿ ಬಂದಾಗ ಮರ ಹತ್ತುವವರ ಗತಿ ಏನೆಂದು ನಾವೆಲ್ಲ ಮಾತಾಡಿಕೊಂಡಿದ್ದೆವು. ನನಗೆ ಗೊತ್ತಿರುವ ಇಬ್ಬರು ಈಗ ಅದೇ ದೋಟಿ ಹಿಡಿದು ನೆಲದಲ್ಲಿ ನಿಂತು ಅಡಿಕೆಯ ಕೊನೆ ತೆಗೆಯುತ್ತಾರೆ, ಮದ್ದು ಬಿಡುತ್ತಾರೆ. ಡ್ರೋನು ಹಾರಿಸಲೂ ಜನ ಬೇಕು. ಹತ್ತನೇ ತರಗತಿ ಪಾಸಾದ, 18ರಿಂದ 65 ವರ್ಷದೊಳಗಿನ ಯಾರಾದರೂ ತರಬೇತಿ ಪಡೆದು ಪೈಲಟ್ ಪ್ರಮಾಣಪತ್ರ ತೆಗೆದುಕೊಳ್ಳಬಹುದು. ಹುಡುಗ ನಿಮ್ಮ ಮನೆಗೆ ಇಳಿದು ಬರದಿರುವುದು ಸೋಮಾರಿತನದಿಂದಲ್ಲ, ಪೊಟ್ಟಣಕ್ಕಿಷ್ಟು ಎಂದು ಸಿಗುವ ಕೂಲಿಯಲ್ಲಿ ಅಂಗಡಿಯಿಂದ ನಿಮ್ಮ ಮನೆಯವರೆಗಿನ ದಾರಿಗೆ ಬೆಲೆ ಕಟ್ಟಿಲ್ಲ ಎಂಬ ಕಾರಣದಿಂದ. ಗಡಿಯಾಚೆ ಕರ್ನಾಟಕ 2025ರಲ್ಲಿ ಇಂಥ ಗಿಗ್ ಕಾರ್ಮಿಕರಿಗೆಂದೇ ಒಂದು ಕಾನೂನು ಮಾಡಿತು. ಅವನ ಕೂಲಿಯ ಜಗಳ ನೆಲದ ಮೇಲಿನ ಜಗಳ.

ಇನ್ನು ನಿಮ್ಮ ಮನೆಯವರ ಮಾತು.

ಎಣ್ಮಕಜೆಯವರಿಗೆ ನಾನು ಈ ಕತೆ ಹೇಳುವುದು ಉದ್ಧಟತನವಾದೀತು, ಆದರೆ ದೂರದ ಓದುಗರಿಗಾಗಿ ಎರಡು ಮಾತು. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಬಾವಿ ಮುಚ್ಚಿಕೊಳ್ಳಿ ಎಂದು ಜನರಿಗೆ ಹೇಳಿದರು. ತೋಡಿಗೆ ಮುಚ್ಚಳ ಎಲ್ಲಿಂದ ತರುವುದು? ಪಡ್ರೆ, ಸ್ವರ್ಗ ಎಂಬ ಊರುಗಳ ಮನೆಗಳಲ್ಲಿ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳ ಚಿತ್ರಗಳನ್ನು ದೇಶವೇ ನೋಡಿತು. ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ, ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದದ್ದು 2017ರಲ್ಲಿ. ಆ ಹೆಲಿಕಾಪ್ಟರಿನ ಸದ್ದು ಕೇಳಿ ಬೆಳೆದವರಿಗೆ ತೋಟದ ಮೇಲೆ ಯಂತ್ರ ಗುಂಯ್‌ಗುಟ್ಟಿದರೆ ಮೈ ಬಿಗಿಯುವುದು ಸಹಜ. ಮಾತ್ರೆ ತರುವ ಡ್ರೋನಿಗೂ ವಿಷ ಸುರಿದ ಹೆಲಿಕಾಪ್ಟರಿಗೂ ಸಂಬಂಧವಿಲ್ಲ ಎಂದು ಅವರಿಗೆ ಪಾಠ ಹೇಳುವವರು ಸಿಕ್ಕಾರು. ನಾನು ಆ ಪಾಠ ಹೇಳುವುದಿಲ್ಲ, ಏಕೆಂದರೆ ಒಂದು ಸಂಬಂಧ ಇದೆ. ಹಸಿರು ವಲಯ ಎಂದು ಗುರುತಾದ ಕಡೆ 400 ಅಡಿ ಎತ್ತರದವರೆಗೆ ಡ್ರೋನು ಹಾರಿಸಲು ಮುಂಚಿತವಾಗಿ ಯಾರ ಅನುಮತಿಯೂ ಬೇಡ. ಪಂಚಾಯತನ್ನು ಕೇಳಬೇಕಾಗಿಲ್ಲ, ಗ್ರಾಮಸಭೆಯನ್ನು ಕೇಳಬೇಕಾಗಿಲ್ಲ, ನಿಮ್ಮ ಮನೆಯವರನ್ನಂತೂ ಕೇಳಬೇಕಾಗಿಯೇ ಇಲ್ಲ. ಆವತ್ತೂ ಯಾರೂ ಕೇಳಿರಲಿಲ್ಲ.

ಡ್ರೋನು ಬಿದ್ದು ಹಾನಿಯಾದರೆ ಪರಿಹಾರಕ್ಕೆ ಮೂರನೆಯವರ ವಿಮೆ ಕಡ್ಡಾಯ, 250 ಗ್ರಾಮಿನೊಳಗಿನ ಆಟಿಕೆಯಂಥವಕ್ಕೆ ಮಾತ್ರ ವಿನಾಯಿತಿ. ಒಳ್ಳೆಯದೇ. ಆದರೆ ದಿನಕ್ಕೆ ಎಷ್ಟು ಸಲ ತಲೆಯ ಮೇಲೆ ಹಾದು ಹೋಗುತ್ತದೆ, ಯಾವ ಹೊತ್ತಿಗೆ, ಏನು ಹೊತ್ತುಕೊಂಡು, ಕೆಳಗೆ ನೋಡುವ ಅದರ ಕ್ಯಾಮೆರಾದ ಚಿತ್ರ ಯಾರ ಕೈಗೆ ಹೋಗುತ್ತದೆ, ತೊಂದರೆಯಾದರೆ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡುವವರು ಯಾವ ನಂಬರಿನಲ್ಲಿ ಸಿಗುತ್ತಾರೆ? ವಿಮೆಯ ಕಾಗದ ಇದಕ್ಕೆಲ್ಲ ಉತ್ತರ ಕೊಡುವುದಿಲ್ಲ. ಗ್ರಾಮಸಭೆಯಲ್ಲಿ ಕೇಳಿಸಿಕೊಂಡು, ಆಸ್ಪತ್ರೆಯಿಂದ ಆಸ್ಪತ್ರೆಗೆ ಒಂದೇ ಗೊತ್ತಾದ ದಾರಿಯಲ್ಲಿ ಹಾರುವುದಾದರೆ ಬರಲಿ. ಒಂದು ತುದಿ ಕಾಸರಗೋಡು, ಇನ್ನೊಂದು ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಆಗಲಿ, ಮತ್ತೊಂದು ವೆಳ್ಳರಿಕುಂಡಿನ ಕಡೆಯ ಗುಡ್ಡಗಳಿಗೆ ಹೋಗಲಿ. ಮನೆ ಮನೆಯ ಅಂಗಳಕ್ಕೆ ಸಾಬೂನು ಇಳಿಸಲೆಂದು ನಿಮ್ಮ ತೋಟದ ಆಕಾಶವನ್ನು ಬಿಟ್ಟುಕೊಡಿ ಎಂದರೆ, ನನ್ನ ಓಟು ನಿಮ್ಮ ಮನೆಯವರಿಗೆ.

ಡ್ರೋನಿನ ನೆಪದಲ್ಲಿ ಬಂದರೂ ಡ್ರೋನು ಇಲ್ಲದೆಯೂ ಉಪಯೋಗಕ್ಕೆ ಬರುವ ಒಂದು ಸಂಗತಿ ಹೇಳಿಬಿಡುತ್ತೇನೆ. 1972ರಲ್ಲಿ ಬಂದ ಪಿನ್‌ಕೋಡು ನಿಮ್ಮ ಕಾಗದವನ್ನು ಪೆರ್ಲದ ಅಂಚೆ ಕಚೇರಿಯ ತನಕ ತರುತ್ತದೆ. ಅಲ್ಲಿಂದ ಮುಂದೆ ಮನೆ ಹೆಸರು, ನೀವು ಯಾರ ಪೈಕಿ ಎಂಬ ವಿಚಾರಣೆ. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬುದನ್ನು ತಂದಿದೆ. ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ ಒಂದೊಂದಕ್ಕೂ ಹತ್ತು ಅಕ್ಷರ–ಅಂಕಿಗಳ ಗುರುತು ಕೊಟ್ಟಿದ್ದಾರೆ. ನಿಮ್ಮ ಅಂಗಳಕ್ಕೆ ಒಂದು, ಹಟ್ಟಿಗೆ ಇನ್ನೊಂದು. ಮಗ ರಜೆಯಲ್ಲಿ ಬಂದಾಗ ಮೊಬೈಲಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ರಾತ್ರಿ ಹೊತ್ತು ಆಂಬುಲೆನ್ಸಿನವರಿಗೆ ದಾರಿ ಹೇಳಬೇಕಾಗಿ ಬಂದರೆ ‘ಕಟ್ಟೆಯ ಹತ್ತಿರ ಎಡಕ್ಕೆ’ ಎನ್ನುವುದಕ್ಕಿಂತ ಅದು ವಾಸಿ.

ಮಾತ್ರೆಯ ವಿಷಯಕ್ಕೆ ಸದ್ಯದ ದಾರಿ ಇಷ್ಟು: ಮಗನೇ ಬೆಂಗಳೂರಿನಲ್ಲಿ ಕೊಂಡು, ಮುಗಿಯಲು ಹದಿನೈದು ದಿನ ಇರುವಾಗಲೇ ಸ್ಪೀಡ್ ಪೋಸ್ಟಿಗೆ ಹಾಕಲಿ. ನಿಮ್ಮ ಊರಿನ ಪೋಸ್ಟ್‌ಮ್ಯಾನ್ ತೋಡು ದಾಟಿ ಬರುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಈ ಪತ್ರಿಕೆ ನಿಮ್ಮ ಕೈಸೇರಿ ನೀವು ನನಗೆ ಕಾಗದ ಬರೆದಿದ್ದೀರಲ್ಲ.

— ಸಂಪಾದಕ